ತಪಾಸಣೆಗೆ ಮೊದಲು ಒಂದು ಮಾತು

ನೋಡಮ್ಮ, ಕಾರ್ಖಾನೆಯ ಸುರಕ್ಷತೆಯ ಹೊಣೆ ನಿನ್ನ ಹೆಗಲಿಗೆ ಬಂದಿದೆ, ಬಲು ಸಂತೋಷ. ಮುಂದಿನ ವಾರ ತಪಾಸಣೆ ಶುರುವಾಗುತ್ತದೆ, ತಯಾರಿ ಎಲ್ಲಿಂದ ಮಾಡಲಿ ದೊಡ್ಡಪ್ಪ ಎಂದು ಕೇಳಿದ್ದೀಯ. ಪೀಣ್ಯದ ಪ್ರೆಸ್ ಶಾಪ್‌ಗಳಲ್ಲಿ ಬದುಕು ಕಳೆದವನಾಗಿ ಮೊದಲೇ ಹೇಳುತ್ತೇನೆ: ಬಣ್ಣದ ಡಬ್ಬಿಯಿಂದ ಶುರು ಮಾಡಬೇಡ. ತಪಾಸಣೆ ಅಂದ ಕೂಡಲೇ ನೆಲಕ್ಕೆ ಹಳದಿ ಗೆರೆ, ಗೋಡೆಗೆ ಹೊಸ ಬೋರ್ಡು, ತಲೆಗೆ ಹೊಸ ಹೆಲ್ಮೆಟ್ಟು. ಅಧಿಕಾರಿ ಹೋದ ಮರುದಿನ ಹೆಲ್ಮೆಟ್ಟು ಸ್ಟೋರಿಗೆ ವಾಪಸ್ಸು. ಕೆಲಸಗಾರರು ಇದನ್ನೆಲ್ಲ ಗಮನಿಸುತ್ತಾರೆ. ಸುರಕ್ಷತೆ ಕಾಟಾಚಾರ ಅಂತ ಒಮ್ಮೆ ಅವರ ಮನಸ್ಸಿಗೆ ಬಂದರೆ, ಆಮೇಲೆ ನೀನು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಮೊದಲು ಮಷಿನ್ ಹತ್ತಿರ ಹೋಗು. ಬೆಳಗ್ಗೆ ಎಲ್ಲ ಚೊಕ್ಕಟವಾಗಿರುವಾಗಲ್ಲ. ಎರಡನೇ ಶಿಫ್ಟ್ ಮುಗಿಯುವ ಹೊತ್ತಿಗೆ, ಟಾರ್ಗೆಟ್ ಇನ್ನೂ ಬಾಕಿ ಇರುವಾಗ ಹೋಗು. ಪವರ್ ಪ್ರೆಸ್ ಪಕ್ಕ ಸ್ವಲ್ಪ ಹೊತ್ತು ನಿಂತು ಆಪರೇಟರ್ ಕೈಗಳನ್ನು ನೋಡು. ಎರಡು ಬಟನ್ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಇಳಿಯುವಂತೆ ಮಾಡಿರುವುದು, ಎರಡೂ ಕೈ ಡೈಯಿಂದ ದೂರ ಇರಲಿ ಅಂತ. ಹಳೆಯ ಪ್ರೆಸ್‌ಗಳಲ್ಲಿ ಒಂದು ಬಟನ್ನಿಗೆ ಟೇಪ್ ಸುತ್ತಿ, ಸದಾ ಒತ್ತಿದಂತೆ ಮಾಡಿಬಿಡುತ್ತಾರೆ. ಆಗ ಒಂದು ಕೈ ಬಟನ್ ಮೇಲೆ, ಇನ್ನೊಂದು ಕೈ ಡೈ ಒಳಗೆ. ಬೆರಳು ಹೋಗುವುದು ಹೀಗೆ.

ಟೇಪ್ ಕಂಡರೆ ಬೈಯಬೇಡ. ಯಾಕಪ್ಪ ಸುತ್ತಿದೆ ಅಂತ ಸಮಾಧಾನವಾಗಿ ಕೇಳು. ಪೀಸ್ ಡೈಗೆ ಅಂಟಿಕೊಳ್ಳುತ್ತದೆ ಮೇಡಂ, ಎಜೆಕ್ಟರ್ ಕೆಟ್ಟು ಎಷ್ಟೋ ದಿನವಾಯಿತು, ಕೈಯಲ್ಲಿ ಕೀಳದಿದ್ದರೆ ಲೆಕ್ಕ ತುಂಬುವುದಿಲ್ಲ ಅನ್ನಬಹುದು. ನಿನಗೆ ಬೇಕಾದದ್ದು ಆ ಉತ್ತರವೇ. ಟೇಪ್ ಕೀಳುವುದು ಒಂದು ನಿಮಿಷದ ಕೆಲಸ. ಎಜೆಕ್ಟರ್ ರಿಪೇರಿ ಮಾಡಿಸದೆ, ಟಾರ್ಗೆಟ್ ಇಳಿಸದೆ ಬರೀ ಟೇಪ್ ಕಿತ್ತರೆ, ಸಂಜೆಯೊಳಗೆ ಅದು ಮತ್ತೆ ಅಲ್ಲೇ ಇರುತ್ತದೆ. ರಿಪೇರಿ ಆಗುವವರೆಗೆ ಪ್ರೆಸ್ ನಿಲ್ಲಿಸಬೇಕು ಎಂದು ಮ್ಯಾನೇಜ್‌ಮೆಂಟಿಗೆ ಬರಹದಲ್ಲೇ ಕೊಡು, ಬಾಯಿಮಾತಿನಲ್ಲಿ ಮುಗಿಸಬೇಡ.

ಉಳಿದದ್ದನ್ನೂ ಕೈಯಿಂದ ಮುಟ್ಟಿ ನೋಡು. ಗ್ರೈಂಡರ್ ಕಲ್ಲಿಗೂ ಟೂಲ್ ರೆಸ್ಟಿಗೂ ನಡುವೆ 3 ಮಿಲಿಮೀಟರಿಗಿಂತ ಹೆಚ್ಚು ಸಂದು ಇರಬಾರದು. ಬೆಂಕಿ ಆರಿಸುವ ಸಿಲಿಂಡರಿನ ಮುಳ್ಳು ಹಸಿರಿನಲ್ಲಿದ್ದರೆ ಸಾಲದು, ಅದರ ಮುಂದೆ ಪೇರಿಸಿದ ರಟ್ಟಿನ ಡಬ್ಬಗಳೂ ಹೋಗಬೇಕು. ತುರ್ತು ಬಾಗಿಲನ್ನು ನೀನೇ ತಳ್ಳಿ ತೆರೆ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಅವಧಿ ಮೀರಿದ ಔಷಧಿ ಇದೆಯೇ ನೋಡು.

ಆಮೇಲೆ ಕಾಗದಪತ್ರ. ಕ್ರೇನ್, ಚೈನ್ ಪುಲ್ಲಿ, ಸ್ಲಿಂಗ್‌ಗಳನ್ನು ಅರ್ಹ ವ್ಯಕ್ತಿಯಿಂದ ವರ್ಷಕ್ಕೊಮ್ಮೆಯಾದರೂ ಕೂಲಂಕಷವಾಗಿ ಪರೀಕ್ಷೆ ಮಾಡಿಸಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಸರ್ಟಿಫಿಕೇಟ್ ಫೈಲಿನಲ್ಲಿದೆ ಎಂದು ನೆಮ್ಮದಿಯಿಂದ ಕೂರಬೇಡ. ಅದರಲ್ಲಿರುವ ನಂಬರು ಚೈನಿನ ಮೇಲೆ ಕೆತ್ತಿರುವ ನಂಬರೇ ಹೌದೋ ಅಂತ ಹೋಗಿ ತಾಳೆ ನೋಡು. ಅಪಘಾತದ ರಿಜಿಸ್ಟರನ್ನು ಖಾಲಿ ಬಿಟ್ಟು ಹೆಮ್ಮೆಪಡಬೇಡ. ತರಚುಗಾಯ, ಸ್ವಲ್ಪದರಲ್ಲಿ ತಪ್ಪಿದ ಅನಾಹುತ, ಎಲ್ಲ ಬರೆದಿಡು.

ಭೋಪಾಲ್ ಅನಿಲ ದುರಂತ ನೆನಪಿಟ್ಟುಕೊ. 1984ರ ಡಿಸೆಂಬರಿನ ಆ ರಾತ್ರಿ, ವಿಷಾನಿಲದ ಟ್ಯಾಂಕ್ ತಂಪಾಗಿಡುವ ಯಂತ್ರ ಕಾರ್ಖಾನೆಯಲ್ಲಿತ್ತು, ಆದರೆ ತಿಂಗಳುಗಳ ಹಿಂದೆಯೇ ಅದನ್ನು ನಿಲ್ಲಿಸಿದ್ದರು. ಸೋರಿದ ಅನಿಲವನ್ನು ಸುಡುವ ಗೋಪುರವೂ ಇತ್ತು, ಅದೂ ಕೆಲಸ ಮಾಡುವ ಸ್ಥಿತಿಯಲ್ಲಿರಲಿಲ್ಲ. ಆ ದುರಂತದ ನಂತರ, ಕಾರ್ಖಾನೆ ಕಾಯ್ದೆಯ 1987ರ ತಿದ್ದುಪಡಿಯಲ್ಲಿ, ಅಪಾಯಕಾರಿ ಕಾರ್ಖಾನೆಗಳ ಸುರಕ್ಷತಾ ಸಮಿತಿಯಲ್ಲಿ ಕೆಲಸಗಾರರಿಗೂ ಸಮಪಾಲು ಬಂತು. ನಿನ್ನ ಕಾರ್ಖಾನೆಯಲ್ಲೂ ಉಪಕರಣ ಇದೆಯೋ ಎಂದಲ್ಲ, ಈ ಹೊತ್ತು ನಡೆಯುತ್ತದೆಯೋ ಎಂದು ಕೇಳುವುದನ್ನು ರೂಢಿ ಮಾಡಿಕೊ.

ತಪಾಸಣೆಯ ದಿನ ಅಧಿಕಾರಿ ಬಂದು ಕೂತ ಮೇಲೆ, ನೀನೇ ಕಂಡುಹಿಡಿದ ಲೋಪಗಳ ಪಟ್ಟಿಯನ್ನು ಮೊದಲು ಅವರ ಮುಂದಿಡು: ಯಾವುದು ಸರಿಯಾಗಿದೆ, ಯಾವುದು ಬಾಕಿ, ಯಾರ ಹೊಣೆ, ಯಾವ ತಾರೀಕಿಗೆ. ಕೆಲಸದ ಜಾಗದ ಸುರಕ್ಷತೆಯ ಬಗೆಗಿನ 2020ರ ಸಂಹಿತೆ ಇನ್‌ಸ್ಪೆಕ್ಟರಿಗೆ ಫೆಸಿಲಿಟೇಟರ್ ಎಂಬ ಹೆಸರನ್ನೂ ಸೇರಿಸಿದೆ. ತಿಳಿಯದ್ದನ್ನು ಅವರನ್ನು ಕೇಳಿ ತಿಳಿದುಕೊ, ಅದರಲ್ಲಿ ನಾಚಿಕೆ ಬೇಡ. ಕೆಲಸಗಾರರಿಗೆ ಉತ್ತರ ಬಾಯಿಪಾಠ ಮಾಡಿಸಬೇಡ. ಕಂಡದ್ದನ್ನು ಅವರು ಹೇಳಲಿ, ಹೇಳಿದ್ದಕ್ಕೆ ಅವರಿಗೆ ತೊಂದರೆಯಾಗದಂತೆ ನೀನು ಅವರ ಬೆನ್ನಿಗೆ ನಿಲ್ಲು.

ಅಧಿಕಾರಿ ಒಂದು ದಿನ ಬಂದು ಹೋಗುತ್ತಾರೆ. ಅವರ ಕಣ್ಣಿಗೆ ಬೀಳದಂತೆ ಮುಚ್ಚಿಟ್ಟ ಲೋಪ ಮರುದಿನದ ಶಿಫ್ಟಿನವರ ಪಾಲಿಗೆ ಉಳಿಯುತ್ತದೆ. ಆದ್ದರಿಂದ ನಿನ್ನ ತಯಾರಿ ಆ ಶಿಫ್ಟಿನವರಿಗಾಗಿ ಇರಲಿ, ಮಗಳೇ. ಅವರು ಹತ್ತೂ ಬೆರಳು ಉಳಿಸಿಕೊಂಡು ಮನೆ ಸೇರಿದರೆ ನೀನು ಪಾಸಾದೆ.