ಆಗಿಬರದ ಔಷಧದ ಹೆಸರು ಚೀಟಿಯಲ್ಲಿರಲಿ

ಅಂಕೋಲೆಯ ತಾಲೂಕು ಆಸ್ಪತ್ರೆಗೆ ಸೇರಿದ ಹಿರಿಯರನ್ನು ಕಾಯಿಲೆ ಬಿಗಡಾಯಿಸಿದರೆ ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ಕ್ರಿಮ್ಸ್‌ಗೆ, ಅಲ್ಲಿಂದ ಮಣಿಪಾಲಕ್ಕೋ ಗೋವಾಕ್ಕೋ ಒಯ್ಯುವುದು ನಮ್ಮ ಕಡೆ ಹೊಸತಲ್ಲ. ಹೋದಲ್ಲೆಲ್ಲ ಕೇಳುವ ಪ್ರಶ್ನೆ ಒಂದೇ: "ಅಜ್ಜಿಗೆ ಯಾವ ಔಷಧ ಆಗಿಬರುವುದಿಲ್ಲ?" ಹಿಂದೊಮ್ಮೆ ಇಂಜೆಕ್ಷನ್ ಕೊಟ್ಟಾಗ ಮೈಯೆಲ್ಲ ದದ್ದೆದ್ದಿತ್ತು ಎನ್ನುತ್ತಾನೆ ಮಗ. ಯಾವ ಇಂಜೆಕ್ಷನ್ ಎಂದರೆ ಗೊತ್ತಿಲ್ಲ.

ಗೊತ್ತುಮಾಡಿಕೊಳ್ಳುವ ಹಕ್ಕು ಅವನಿಗಿದೆ. 2002ರ ವೈದ್ಯಕೀಯ ವೃತ್ತಿನೀತಿ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಯನ್ನು 3 ವರ್ಷ ಕಾದಿಡಬೇಕು. ರೋಗಿಯಾಗಲಿ, ಅವರು ಒಪ್ಪಿಗೆ ಕೊಟ್ಟವರಾಗಲಿ ಕೇಳಿದರೆ 72 ಗಂಟೆಯೊಳಗೆ ಒದಗಿಸಬೇಕು. ಬಾಯಲ್ಲಿ ಕೇಳಿದ್ದಕ್ಕೆ ಸಾಕ್ಷಿಯಿರುವುದಿಲ್ಲ. ಅರ್ಜಿ ಬರೆದು ಕೊಡಿ, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.

ಡಿಸ್ಚಾರ್ಜ್ ಚೀಟಿಯಲ್ಲಿ ಬರೀ 'ಅಲರ್ಜಿ' ಎಂದಿದ್ದರೆ ಸಾಲದು. ಔಷಧದ ಹೆಸರು, ಕೊಟ್ಟು ಎಷ್ಟು ಹೊತ್ತಿಗೆ ಏನಾಯಿತು ಎಂಬುದನ್ನು ಬರೆಸಿ. ನಾವಂತೂ ವಾಂತಿ, ಭೇದಿಯನ್ನೂ ಅಲರ್ಜಿ ಎಂದುಬಿಡುತ್ತೇವೆ! ಪೆನಿಸಿಲಿನ್ ಆಗದು ಎಂದುಕೊಂಡವರಲ್ಲಿ ಹೆಚ್ಚಿನವರಿಗೆ ಪರೀಕ್ಷಿಸಿದಾಗ ಅಲರ್ಜಿ ಇರುವುದೇ ಇಲ್ಲ. ಅಟೆನೊಲಾಲ್‌ನಂಥ ಬಿ.ಪಿ. ಗುಳಿಗೆ ನುಂಗುವ ಹಿರಿಯರ ವಿಷಯ ಇನ್ನೂ ಸೂಕ್ಷ್ಮ. ತೀವ್ರ ಅಲರ್ಜಿಯಲ್ಲಿ ಜೀವ ಉಳಿಸುವ ಅಡ್ರಿನಲಿನ್ ಅವರಲ್ಲಿ ಪೂರ್ತಿ ಕೆಲಸ ಮಾಡದಿರಬಹುದು. ದಿನವೂ ನುಂಗುವ ಗುಳಿಗೆಗಳ ಹೆಸರೂ ಚೀಟಿಯಲ್ಲಿರಬೇಕು.

ಚೀಟಿಯೇ ಕಳೆದುಹೋಯಿತೇ? ಸೆಫಿಕ್ಸಿಮ್, ಲೆವೊಫ್ಲಾಕ್ಸಾಸಿನ್‌ನಂಥ ಮಾರಾಟದ ಮೇಲೆ ಸರ್ಕಾರ ನಿಗಾ ಇಟ್ಟಿರುವ 'ಎಚ್1' ಪಟ್ಟಿಯ ಔಷಧಗಳನ್ನು ಮಾರಿದಾಗ ರೋಗಿಯ ಹೆಸರನ್ನು ಮೆಡಿಕಲ್ ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದು 3 ವರ್ಷ ಇಡಬೇಕೆಂಬ ನಿಯಮ 2014ರಿಂದಿದೆ. ಅಲ್ಲಿ ವಿಚಾರಿಸಬಹುದು.

ಔಷಧ ಮೈಗೆ ಒಗ್ಗಲಿಲ್ಲವೆಂದ ಮಾತ್ರಕ್ಕೆ ವೈದ್ಯರ ತಪ್ಪೆಂದಾಗದು. ಹಿಂದಿನ ಅಲರ್ಜಿಯ ಬಗ್ಗೆ ಕೇಳಿದರೇ, ಚೀಟಿ ತೋರಿಸಿದ ಮೇಲೂ ಅದನ್ನೇ ಕೊಟ್ಟರೇ, ಉಸಿರು ಕಟ್ಟಿದಾಗ ತಕ್ಷಣ ಚಿಕಿತ್ಸೆ ಸಿಕ್ಕಿತೇ ಎಂಬುದರ ಮೇಲೆ ನಿರ್ಲಕ್ಷ್ಯ ನಿರ್ಧಾರವಾಗುತ್ತದೆ. ಹಣ ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾನೂನಿನೊಳಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡುವಲ್ಲಿ ಈ ದಾರಿಯಿಲ್ಲ. ಅಂಥಲ್ಲಿಯೂ ಆಸ್ಪತ್ರೆಯ ಮುಖ್ಯಸ್ಥರಿಗೆ, ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು.

ಹೆಚ್ಚಿನವರಿಗೆ ತಿಳಿಯದ ಅನುಕೂಲವೊಂದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಚಿಕಿತ್ಸೆ ಗೋವಾದಲ್ಲಾಗಿದ್ದರೂ ಅಂಕೋಲೆಯವರಿಗೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗವೇ ಸಾಕು. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಗಡುವು 2 ವರ್ಷ.

ಪರಿಹಾರ ಬೇಡ, ವಿಷಯ ದಾಖಲಾದರೆ ಸಾಕು ಎನ್ನುವವರು ಕೇಂದ್ರದ ಔಷಧ ಸುರಕ್ಷತಾ ಸಹಾಯವಾಣಿ 1800-180-3024ಕ್ಕೆ ತಾವೇ ಕರೆ ಮಾಡಿ ತಿಳಿಸಬಹುದು.