ಸಗಣಿ, ಸೂಜಿ, ಡಾಂಬರು ಪೀಪಾಯಿ: ಶೀಲಾ ಗೌಡ ಅವರ ಕಲೆ

ಕಲೆಯೆಂದೊಡನೆ ಚೌಕಟ್ಟು ಹಾಕಿದ ಚಿತ್ರವೋ ಕಲ್ಲಿನ ವಿಗ್ರಹವೋ ನಮ್ಮ ಕಣ್ಣಮುಂದೆ ಬರುತ್ತದೆ. ರಸ್ತೆ ಕೆಲಸದವರ ಡಾಂಬರು ಪೀಪಾಯಿ, ಬೆರಣಿ ತಟ್ಟುವ ಸಗಣಿ, ದೃಷ್ಟಿ ತಾಗದಿರಲೆಂದು ಮೋಟಾರಿಗೆ ಕಟ್ಟುವ ಕೂದಲ ಹಗ್ಗ, ಇವೂ ಕಲೆಯಾದಾವೆ? ಆಗಬಲ್ಲವೆಂದು ತೋರಿಸಿಕೊಟ್ಟವರು ನಮ್ಮ ನಾಡಿನ ಶ್ರೀಮತಿ ಶೀಲಾ ಗೌಡ ಅವರು. ಈ ಪಾಠದಲ್ಲಿ ಅವರ ಕೆಲಸವನ್ನು ಪರಿಚಯ ಮಾಡಿಕೊಳ್ಳೋಣ.

ಕಬ್ಬಿಣದ ಕಾರ್ಖಾನೆಗೆ ಹೆಸರಾದ ಭದ್ರಾವತಿಯಲ್ಲಿ ೧೯೫೭ರಲ್ಲಿ ಅವರ ಜನನ. ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿಯೂ ಅನಂತರ ಶಾಂತಿನಿಕೇತನದಲ್ಲಿಯೂ ಚಿತ್ರಕಲೆ ಕಲಿತು, ೧೯೮೬ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಿಂದ ಎಂ.ಎ. ಪದವಿ ಪಡೆದರು. ಅಲ್ಲಿಯವರೆಗೆ ಅವರದು ಕುಂಚ ಮತ್ತು ಬಣ್ಣಗಳ ಹಾದಿ.

ಹಾದಿ ತಿರುಗಿದ್ದು ೧೯೯೨ರ ಸುಮಾರಿಗೆ. ಆ ವರ್ಷದ ಡಿಸೆಂಬರಿನಲ್ಲಿ ಅಯೋಧ್ಯೆಯ ಮಸೀದಿ ಉರುಳಿತು, ಮುಂಬಯಿಯಲ್ಲಿ ಗಲಭೆಗಳೆದ್ದವು. ದೇಶದಲ್ಲಿ ಬೆಳೆಯುತ್ತಿದ್ದ ಹಿಂಸೆಗೆ ಉತ್ತರವಾಗಿ ಅವರು ಸಗಣಿಯನ್ನು ಕೈಗೆತ್ತಿಕೊಂಡರು. ಅದು ಪೂಜೆಗೆ ಬರುತ್ತದೆ, ಒಲೆಗೂ ಬರುತ್ತದೆ. ಅದನ್ನು ಬಾಚಿ ತಟ್ಟುವ ಕೈ ಹೆಚ್ಚಾಗಿ ಹೆಂಗಸರದು. ಬಣ್ಣದಲ್ಲಿ ಬರೆದು ತೋರಿಸಬೇಕಾದ ಅರ್ಥ ಆ ವಸ್ತುವಿನಲ್ಲೇ ಇದೆ.

ಸೂಜಿ ದಾರದ ಕೃತಿ ೧೯೯೮ರದು. ಅದರ ಹೆಸರಿನ ಅರ್ಥ ‘ನನ್ನ ನೋವನ್ನು ಅವನಿಗೆ ಹೇಳು’ ಎಂದು. ಉದ್ದನೆಯ ದಾರಗಳನ್ನು ಸೂಜಿಯ ಕಣ್ಣಿನಲ್ಲಿ ಪೋಣಿಸಿ, ಅಂಟು ಮತ್ತು ಕುಂಕುಮ ಸವರಿ, ಒಟ್ಟುಗೂಡಿಸಿ ಹಗ್ಗ ಮಾಡಿದರು. ದೂರದಿಂದ ಕೆಂಪು ಹಗ್ಗ ನೆಲದ ಮೇಲೂ ಗೋಡೆಯ ಮೇಲೂ ಹರಿದಂತೆ ಕಾಣುತ್ತದೆ. ಹತ್ತಿರ ಹೋದರೆ ತುದಿಯಲ್ಲಿ ಸೂಜಿಗಳ ಗೊಂಚಲು. ಮನೆಯೊಳಗೆ ಯಾರ ಲೆಕ್ಕಕ್ಕೂ ಬಾರದ ದುಡಿಮೆ ಎಷ್ಟು ಉದ್ದ, ಎಷ್ಟು ಮೊನಚು ಎಂಬುದು ಆಗ ತಿಳಿಯುತ್ತದೆ.

೨೦೦೯ರಲ್ಲಿ ಇಟಲಿಯ ವೆನಿಸ್ ಪ್ರದರ್ಶನದಲ್ಲಿ ಅವರು ಸುಮಾರು ೪ ಕಿಲೋಮೀಟರು ಉದ್ದದ ಕೂದಲ ಹಗ್ಗದಿಂದ ಸುಮಾರು ೨೦ ಮೋಟಾರು ಬಂಪರುಗಳನ್ನು ತೂಗಹಾಕಿದರು. ಉಕ್ಕು ಗಟ್ಟಿ, ಕೂದಲು ಮೃದು. ಆದರೆ ಭಾರ ಹೊತ್ತದ್ದು ಕೂದಲು! ದೇವರಿಗೆ ಮುಡಿ ಕೊಟ್ಟವರ ಹರಕೆ, ಹಗ್ಗ ಹೊಸೆದವರ ಶ್ರಮ, ವಾಹನ ನಡೆಸುವವರ ಭಯ ಮೂರೂ ಆ ಎಳೆಗಳಲ್ಲಿವೆ.

ನಮ್ಮಲ್ಲಿ ಹಲವರಿಗೆ ಹತ್ತಿರವಾಗುವುದು ೨೦೦೬ರ ‘ಕತ್ತಲ ಕೋಣೆ’. ಊರಿಂದೂರಿಗೆ ಅಲೆಯುವ ರಸ್ತೆ ಕೂಲಿಗಳು ಖಾಲಿ ಡಾಂಬರು ಪೀಪಾಯಿಗಳನ್ನು ತಟ್ಟಿ ಚಪ್ಪಟೆ ಮಾಡಿ ಗುಡಿಸಲು ಕಟ್ಟಿಕೊಳ್ಳುವುದನ್ನು ನೀವು ಬಲ್ಲಿರಿ. ಅಂಥ ಪೀಪಾಯಿಗಳಿಂದಲೇ ಈ ಮನೆ. ಒಳಗೆ ಹೋಗಬೇಕಾದರೆ ಯಾರೇ ಆಗಲಿ ಬಗ್ಗಲೇಬೇಕು. ಒಳಗೆ ಕತ್ತಲು, ತಲೆಯೆತ್ತಿದರೆ ತಗಡಿನ ಸಣ್ಣ ತೂತುಗಳಿಂದ ಬೆಳಕು ಇಣುಕಿ ನಕ್ಷತ್ರ ತುಂಬಿದ ಆಕಾಶದಂತೆ ತೋರುತ್ತದೆ.

‘ಪೀಪಾಯಿ ಗುಡಿಸಲಿನಲ್ಲಿ ನಿಜವಾಗಿ ಮಲಗುವವನಿಗೆ ಇದರಿಂದ ಏನು ಬಂತು?’ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಕಲೆ ಅವನಿಗೆ ಸೂರು ಕಟ್ಟಿಕೊಡದು, ಕೂಲಿ ಹೆಚ್ಚಿಸದು. ಆದರೆ ಅವನು ಹಾಕಿದ ರಸ್ತೆಯ ಮೇಲೆ ಅವನನ್ನು ಕಾಣದೆ ಸಾಗುವವನನ್ನು ಅದು ನಿಲ್ಲಿಸಿ, ಅವನ ಬಾಗಿಲಲ್ಲಿ ತಲೆ ತಗ್ಗಿಸುವಂತೆ ಮಾಡುತ್ತದೆ. ಅಷ್ಟು ಮಟ್ಟಿಗೆ ಅದು ಸಾಲ ತೀರಿಸಿದೆ. ಉಳಿದ ಸಾಲ ಸಮಾಜದ್ದು.

೨೦೧೯ರಲ್ಲಿ ಅವರಿಗೆ ಮರಿಯಾ ಲಾಸ್ನಿಗ್ ಪ್ರಶಸ್ತಿ ಬಂದಿತು. ಅವರ ಒಂದು ಕೃತಿಯ ಹೆಸರು ಅಚ್ಚಗನ್ನಡದಲ್ಲಿ ‘ಕಾಗೆಬಂಗಾರ’. ಅಭ್ರಕವನ್ನು ನಾವು ಕರೆಯುವ ಹೆಸರು ಹಾಗೆಯೇ ಹೊರನಾಡುಗಳಿಗೂ ಹೋಗಿದೆ.

ಆಲೋಚನೆಗೆ:
೧. ಒಂದು ವಸ್ತುವನ್ನು ಚಿತ್ರಿಸುವುದಕ್ಕೂ ಆ ವಸ್ತುವನ್ನೇ ಮುಂದಿಡುವುದಕ್ಕೂ ವ್ಯತ್ಯಾಸವೇನು?
೨. ನಿಮ್ಮ ಕೆಲಸದ ಸ್ಥಳದಲ್ಲಿ ದಿನವೂ ಕೈಗೆ ತಾಗುವ ಒಂದು ವಸ್ತುವನ್ನು ಹೆಸರಿಸಿ. ಅದರಲ್ಲಿ ಯಾರ ಯಾರ ದುಡಿಮೆ ಅಡಗಿದೆ?