ನದಿ ಏರಿಗೆ ಮನೆ ಮಾಲೀಕರ ವಂತಿಗೆ

ಪ್ರಶ್ನೆ: ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ನಮ್ಮ ಮಗ ಮನೆ ಕೊಂಡಿದ್ದಾನೆ. ಆಸ್ತಿ ತೆರಿಗೆಯ ಬಿಲ್ಲಿನಲ್ಲಿ ಪ್ರವಾಹ ನಿಯಂತ್ರಣಕ್ಕೆಂದು ಬೇರೆಯೇ ಒಂದು ಮೊತ್ತ ಹಾಕಿದ್ದಾರೆ. ತೆರಿಗೆ ಕಟ್ಟುವವರ ಹತ್ತಿರ ಮತ್ತೆ ಹಣ ಕೇಳಬಹುದೇ?

ಉತ್ತರ: ಬಿಲ್ಲನ್ನು ಸಾಲು ಸಾಲಾಗಿ ಓದಿ ಕೇಳಿದ್ದೀರಿ, ಸಂತೋಷ. ಎರಡೂ ಒಂದೇ ಬಿಲ್ಲಿನಲ್ಲಿ ಬರುವುದರಿಂದ ಒಂದೇ ತೆರಿಗೆಯನ್ನು ಎರಡು ಸಲ ಹಾಕಿದಂತೆ ಕಾಣುವುದು ಸಹಜ. ಆಸ್ತಿ ತೆರಿಗೆ ನಿಲ್ಲುವುದು ಮನೆಯ ಬೆಲೆಯ ಮೇಲೆ. ನೀವು ಹೇಳುವ ಮೊತ್ತಕ್ಕೆ ಅಲ್ಲಿ ಅಸೆಸ್‌ಮೆಂಟ್ ಎನ್ನುತ್ತಾರೆ. ಅದು ನಿಲ್ಲುವುದು ಆ ಕಾಮಗಾರಿಯಿಂದ ಆ ಆಸ್ತಿಗೆ ಆಗುವ ಪ್ರಯೋಜನದ ಮೇಲೆ.

ಊರು ಇರುವುದು ಸ್ಯಾಕ್ರಮೆಂಟೊ ಮತ್ತು ಅಮೆರಿಕನ್ ನದಿಗಳು ಕೂಡುವ ತಗ್ಗಿನಲ್ಲಿ. 1986ರ ಫೆಬ್ರವರಿಯ ನೆರೆ ಏರಿಗಳ ದೌರ್ಬಲ್ಯವನ್ನು ತೋರಿಸಿಕೊಟ್ಟಿತು. ಸ್ಥಳೀಯ ಸಂಸ್ಥೆಗಳು ಸೇರಿ 1989ರಲ್ಲಿ ಪ್ರವಾಹ ನಿಯಂತ್ರಣಕ್ಕೆಂದೇ ‘ಸಾಫ್ಕಾ’ ಎಂಬ ಸಂಸ್ಥೆ ಕಟ್ಟಿಕೊಂಡವು. ನೀರು ಏರಿಯ ಮೇಲೆ ಹರಿದು ಬಂದರಷ್ಟೇ ಅಪಾಯವಲ್ಲ, ಅಡಿಯ ಮರಳಿನಲ್ಲಿ ಜಿನುಗಿಯೂ ಅದು ಏರಿಯನ್ನು ಕುಸಿಯುವಂತೆ ಮಾಡುತ್ತದೆ. ಅದಕ್ಕಾಗಿ ಏರಿಯನ್ನು ನೆತ್ತಿಯಿಂದ ಆಳಕ್ಕೆ ಸೀಳಿ, ಬೆಂಟೋನೈಟ್ ಜೇಡಿ ಬೆರೆಸಿದ ಮಣ್ಣು ತುಂಬಿ, ಒಳಗೊಂದು ಗೋಡೆ ನಿಲ್ಲಿಸುತ್ತಾರೆ. ಇದು ದುಬಾರಿ ಕೆಲಸ. ಇಂಥ ಯೋಜನೆಗಳಲ್ಲಿ ಒಕ್ಕೂಟ ಸರ್ಕಾರ ಪೂರ್ತಿ ವೆಚ್ಚ ಕೊಡುವುದಿಲ್ಲ. ಸಾಮಾನ್ಯವಾಗಿ ಕನಿಷ್ಠ ನೂರಕ್ಕೆ 35ರಷ್ಟನ್ನು ರಾಜ್ಯ ಮತ್ತು ಊರಿನವರು ಹೊಂದಿಸಬೇಕು. ನಿಮ್ಮ ಮಗನ ಹಣ ಹೋಗುವುದು ಊರಿನವರ ಈ ಪಾಲಿಗೆ.

ಆದರೆ ಅದನ್ನು ಸುಮ್ಮನೆ ಹೇರುವಂತಿಲ್ಲ. 1996ರಲ್ಲಿ ಮತದಾರರು ಒಪ್ಪಿದ ‘ಪ್ರಸ್ತಾವ 218’ರ ಪ್ರಕಾರ ಪ್ರತಿ ಮಾಲೀಕರಿಗೂ ಮತಪತ್ರ ಕಳಿಸಬೇಕು, ಕನಿಷ್ಠ 45 ದಿನ ಕಾಲಾವಕಾಶ ಕೊಟ್ಟು ಬಹಿರಂಗ ವಿಚಾರಣೆ ನಡೆಸಬೇಕು. ಇಲ್ಲಿ ತಲೆಗೊಂದು ಮತವಲ್ಲ, ಕಟ್ಟಬೇಕಾದ ಹಣಕ್ಕೆ ತಕ್ಕ ತೂಕ. ಉದಾಹರಣೆಗೆ, ಒಂದು ಮನೆಗೆ 100 ಡಾಲರ್, ಒಂದು ಗೋದಾಮಿಗೆ 5,000 ಡಾಲರ್ ಎಂದಿದ್ದರೆ ಗೋದಾಮಿನ ಒಂದು ಮತ ಅಂಥ 50 ಮನೆಗಳ ಮತಕ್ಕೆ ಸಮ. ಮರಳಿ ಬಂದ ಮತಗಳಲ್ಲಿ ವಿರೋಧದ ತೂಕ ಹೆಚ್ಚಾದರೆ ಯೋಜನೆಯ ವಂತಿಗೆ ಬಿದ್ದುಹೋಗುತ್ತದೆ. ಊರಿಗೆಲ್ಲ ಆಗುವ ಸಾಮಾನ್ಯ ಪ್ರಯೋಜನದ ಖರ್ಚನ್ನು ಮಾಲೀಕರ ತಲೆಗೆ ಕಟ್ಟುವಂತಿಲ್ಲ. ಪ್ರಯೋಜನ ಪಡೆಯುವ ಸರ್ಕಾರಿ ಆಸ್ತಿಗೂ ವಿನಾಯಿತಿ ಇಲ್ಲ. ಇನ್ನೊಂದು ಮಾತು ನಮ್ಮವರಿಗೆ ಮುಖ್ಯ: ಇದು ಸಾರ್ವತ್ರಿಕ ಚುನಾವಣೆಯಲ್ಲ. ಹಾಗಾಗಿ ಅಮೆರಿಕದ ಪೌರತ್ವ ಇಲ್ಲದಿದ್ದರೂ ಮನೆ ಅವರ ಹೆಸರಿನಲ್ಲಿದ್ದರೆ ಮತಪತ್ರ ಬರುತ್ತದೆ. ಜಾಹೀರಾತೆಂದು ಎಸೆಯದಂತೆ ಮಗನಿಗೆ ಹೇಳಿ.

ನಮ್ಮಲ್ಲೂ ಪ್ರಯೋಜನಕ್ಕೆ ತಕ್ಕ ವಸೂಲಿಯ ಕಾನೂನು 1957ರಿಂದ ಇತ್ತು. ಮಲಪ್ರಭಾ ಅಚ್ಚುಕಟ್ಟಿನ ಬೆಟರ್‌ಮೆಂಟ್ ಲೆವಿ ನೆನಪಿರಬಹುದು. ನೀರೇ ಬಾರದ ಹೊಲಕ್ಕೂ ಲೆವಿ ಹಾಕಿದರೆಂಬ ರೈತರ ಸಿಟ್ಟು 1980ರ ಜುಲೈಯಲ್ಲಿ ನರಗುಂದ, ನವಲಗುಂದಗಳಲ್ಲಿ ಸ್ಫೋಟಿಸಿತು. ಪ್ರಯೋಜನವನ್ನು ಮೊದಲು ಲೆಕ್ಕ ಹಾಕಿ ತೋರಿಸಿ, ಆಮೇಲೆ ಒಪ್ಪಿಗೆ ಕೇಳುವ ಕ್ರಮವೇ ನನಗೆ ನ್ಯಾಯವೆನಿಸುತ್ತದೆ.

ಒಂದು ಗೊಂದಲ ಮಾತ್ರ ಬೇಡ. ಈ ಹಣ ಕಟ್ಟಿದರೆ ಪ್ರವಾಹ ವಿಮೆ ಮಾಡಿಸಿದಂತಾಗುವುದಿಲ್ಲ. ಇದು ಏರಿ ಗಟ್ಟಿ ಮಾಡಲು. ನೀರು ಮನೆಗೆ ನುಗ್ಗಿದರೆ ಇದರಿಂದ ಪರಿಹಾರ ಸಿಗದು. ವಿಮೆ ಪ್ರತ್ಯೇಕವಾಗಿಯೇ ಬೇಕು, ಅಪಾಯದ ವಲಯದಲ್ಲಿದ್ದರೆ ಗೃಹಸಾಲ ಕೊಟ್ಟ ಬ್ಯಾಂಕೂ ಅದನ್ನು ಕೇಳಬಹುದು. ಇನ್ನು ಈ ವಂತಿಗೆ ಆಸ್ತಿಗೆ ಅಂಟಿಕೊಂಡದ್ದು. ಮಗ ನಾಳೆ ಮನೆ ಮಾರಿದರೆ ಮುಂದಿನ ವರ್ಷಗಳದ್ದು ಕೊಂಡವರ ಬಿಲ್ಲಿಗೆ ಹೋಗುತ್ತದೆ.